ಒಂದೇ ಕ್ವಾರ್ಟರ್ ಎನ್ನುವವರಿಗೆ ಒಂದು ಲೆಕ್ಕ

ಬೆಳಿಗ್ಗೆ ಎಂಟಕ್ಕೆ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಇಬ್ಬರು ಮೂವರು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಒಬ್ಬರಿಗೆ ಗ್ಯಾಸ್ ಗುಳಿಗೆ ಬೇಕು, ಇನ್ನೊಬ್ಬರಿಗೆ ತಲೆನೋವಿನದು, ಮತ್ತೊಬ್ಬರಿಗೆ ಓಆರ್‌ಎಸ್ ಪಾಕೀಟು. ಕಲಬುರಗಿಯಲ್ಲಿ ಔಷಧಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ರಾತ್ರಿ ಯಾರು ಕುಡಿದಿದ್ದರು ಎಂಬುದು ಕೇಳದೆಯೇ ಗೊತ್ತಾಗುತ್ತದೆ. ಎಷ್ಟು ಎಂದು ಕೇಳಿದರೆ ಉತ್ತರ ಒಂದೇ: "ಜಾಸ್ತಿ ಇಲ್ಲ ಅಣ್ಣಾ, ಒಂದೇ ಕ್ವಾರ್ಟರ್." ನಗಲು ನನಗೆ ಹಕ್ಕಿಲ್ಲ. ಇದೇ ಉತ್ತರವನ್ನು ಬಹಳ ವರ್ಷ ನಾನೂ ಮನೆಯಲ್ಲಿ ಕೊಟ್ಟವನು.

ಕುಡಿತ ಬಿಡಬೇಕು ಎನ್ನುವವರಿಗೆ ನಮ್ಮ ಕಡೆ ಗೊತ್ತಿರುವ ದಾರಿ ಆಣೆ. ಶರಣಬಸವೇಶ್ವರರ ಗುಡಿಯಲ್ಲಿ, ಬಂದೇ ನವಾಜ್ ದರ್ಗಾದಲ್ಲಿ, ಇಲ್ಲವೇ ಮಗಳ ತಲೆಯ ಮೇಲೆ ಕೈ ಇಟ್ಟು. ಆಣೆಯನ್ನು ನಾನು ಹಳಿಯುವುದಿಲ್ಲ, ಅದರಿಂದ ಬಿಟ್ಟವರೂ ಇದ್ದಾರೆ. ಆದರೆ ಆಣೆಗಿಂತ ಮೊದಲು ಲೆಕ್ಕ ಆಗಬೇಕು. ಎಷ್ಟು ಕುಡಿಯುತ್ತಿದ್ದೇನೆ ಎಂದು ಗೊತ್ತಿಲ್ಲದವನು ಏನನ್ನು ಕಡಿಮೆ ಮಾಡುತ್ತಾನೆ?

ಮೊದಲು ಅಳತೆ

ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ವಿಸ್ಕಿ, ರಮ್, ಬ್ರಾಂದಿ ಯಾವುದನ್ನೇ ತೆಗೆದುಕೊಳ್ಳಿ, ಪೊಟ್ಟಣದ ಮೇಲೆ ಸಾಮಾನ್ಯವಾಗಿ 42.8 ಪ್ರತಿಶತ ಎಂದು ಅಚ್ಚಾಗಿರುತ್ತದೆ. ಅಂದರೆ ಅದರೊಳಗೆ 77 ಮಿ.ಲೀ. ಮದ್ಯಸಾರ, ತೂಕದಲ್ಲಿ ಸುಮಾರು 60 ಗ್ರಾಂ. ವೈದ್ಯರು ಲೆಕ್ಕಕ್ಕೆ ಹಿಡಿಯುವ ಒಂದು ಅಳತೆ 10 ಗ್ರಾಂ. ಹಾಗಾದರೆ ಒಂದು ಕ್ವಾರ್ಟರ್ ಎಂಬುದು ಆರು ಅಳತೆ. ಒಂದೇ ಕೂಟಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತದ ಪಟ್ಟಿಗೆ ಸೇರಿಸುತ್ತದೆ. ನಮ್ಮ 'ಒಂದೇ' ಅಲ್ಲಿಗೆ ಹೋಗಿ ಮುಟ್ಟಿತು.

"ನಾನು ಬಿಯರ್ ಮಾತ್ರ" ಎನ್ನುವವರೂ ಬಾಟಲಿಯನ್ನು ತಿರುಗಿಸಿ ಓದಬೇಕು. 650 ಮಿ.ಲೀ.ಯ ಸ್ಟ್ರಾಂಗ್ ಬಿಯರ್ ಎಂಟು ಪ್ರತಿಶತದ್ದಾದರೆ ಅದು ನಾಲ್ಕು ಅಳತೆ. ಎರಡು ಬಾಟಲಿಗೆ ಕ್ವಾರ್ಟರನ್ನೂ ದಾಟುತ್ತದೆ. ನೀರು ಬೆರೆಸಿದರೆ, ಸೋಡಾ ಬೆರೆಸಿದರೆ ಅಳತೆ ಬದಲಾಗುವುದಿಲ್ಲ, ಲೋಟ ದೊಡ್ಡದಾಗುತ್ತದೆ ಅಷ್ಟೆ.

ಮನೆಯಲ್ಲಿ ಸುರಿದುಕೊಳ್ಳುವವರು ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಅಳತೆ ಮುಚ್ಚಳವನ್ನು ತೆಗೆದಿಟ್ಟುಕೊಳ್ಳಿ. ಅದರ ಮೇಲೆ ಗೆರೆ ಇರುತ್ತದೆ. 30 ಮಿ.ಲೀ. ಎಂದರೆ ಒಂದು ಅಳತೆ. ಒಂದು ರಾತ್ರಿ ಕುತೂಹಲಕ್ಕೆ ನನ್ನ 'ಎರಡು ಪೆಗ್' ಅನ್ನು ಹೀಗೆ ಅಳೆದು ನೋಡಿದೆ. ನಾನು 120 ಎಂದುಕೊಂಡಿದ್ದು 170 ಇತ್ತು. ದಿನವಿಡೀ ಗುಳಿಗೆ ಎಣಿಸಿ ಕೊಡುವವನ ಕಣ್ಣಳತೆಯೇ ಹೀಗೆ.

ಇನ್ನೊಂದು ಲೆಕ್ಕ ಗಾಡಿ ಓಡಿಸುವವರಿಗೆ. ಯಕೃತ್ತು, ಅಂದರೆ ಲಿವರ್, ಗಂಟೆಗೆ ಹೆಚ್ಚುಕಡಿಮೆ ಒಂದು ಅಳತೆಯನ್ನಷ್ಟೇ ಕರಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತ ಬೆಳಗಿನ ಐದಾರು ಗಂಟೆಗೂ ಪೂರ್ತಿ ತಿಳಿಯಾಗಿರುವುದಿಲ್ಲ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯ ಮೊದಲ ಪಾಳಿಗೆ ಬೈಕ್ ಏರುವವರು ಇದನ್ನು ಮರೆಯಬಾರದು. ತಣ್ಣೀರಿನ ಸ್ನಾನ, ಲಿಂಬೆಹುಳಿ, ಕಡಕ್ ಚಹಾ ಯಾವುದೂ ಲಿವರಿನ ವೇಗ ಹೆಚ್ಚಿಸುವುದಿಲ್ಲ.

ಬೆಳಿಗ್ಗೆ ಕೈ ನಡುಗುವವರು ಇಲ್ಲಿ ನಿಲ್ಲಿ

ಮುಂದೆ ಹೇಳುವ ಹೆಜ್ಜೆಗಳು ಎಲ್ಲರಿಗೂ ಅಲ್ಲ. ಎದ್ದ ಕೂಡಲೇ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲೆ ನಿಲ್ಲುವವರು. ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು. ದಿನವೂ ಕ್ವಾರ್ಟರಿಗಿಂತ ಬಹಳ ಮೇಲೆ ಹೋಗುವವರು. ಇವರು ತಾವಾಗಿಯೇ ಒಮ್ಮೆಲೇ ಬಿಡಬಾರದು. ಮೊದಲು ವೈದ್ಯರ ಬಳಿ ಹೋಗಬೇಕು. ಕುಡಿತ ಬಿಡುವುದೂ ಪ್ರಾಣಕ್ಕೆ ಎರವಾಗಬಹುದು ಎಂದರೆ ಜನ ನಂಬುವುದಿಲ್ಲ. ನಾನೂ ನಂಬಿರಲಿಲ್ಲ, ನಮ್ಮ ಕಾಕಾನನ್ನು ನೋಡುವ ತನಕ.

ಕಾಕಾ ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿ ಫರ್ಸಿ ಕಲ್ಲಿನ ಕೆಲಸ ಮಾಡುತ್ತಿದ್ದವನು. ಸಾರಾಯಿ ಪಾಕೀಟಿನ ಕಾಲದಿಂದ ಕುಡಿಯುತ್ತಿದ್ದ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಅವನು ಕುಡಿತ ಬಿಡಲಿಲ್ಲ, ಕ್ವಾರ್ಟರಿಗೆ ಬದಲಾದ. ಒಂದು ವರ್ಷ ನಾಗರ ಅಮಾವಾಸ್ಯೆಯ ದಿನ ಮನೆಯವರೆಲ್ಲರ ಮುಂದೆ, ಶ್ರಾವಣ ಪೂರ್ತಿ ಮುಟ್ಟುವುದಿಲ್ಲ ಎಂದ. ಮರುದಿನ ಮೈಯೆಲ್ಲ ಬೆವರು, ನಡುಕ, ವಾಂತಿ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆಗಳ ಸಾಲು ಹರಿಯುತ್ತಿದೆ ಎಂದು ಬರಿಗೈಯಲ್ಲಿ ಒರೆಸತೊಡಗಿದ. ಸತ್ತುಹೋದ ಅಣ್ಣನ ಜೊತೆ ಮಾತಾಡಿದ. ಗಾಳಿಯಾಗಿದೆ ಎಂದರು. ನಿಂಬೆಹಣ್ಣು ಇಳಿಸಿದರು, ತಾಯಿತ ಕಟ್ಟಿಸಿದರು. ಬೆಳಗಿನ ಜಾವ ಕೈಕಾಲು ಸೆಟೆದು ಫಿಟ್ಸ್ ಬಂತು. ಆಗ ಆಸ್ಪತ್ರೆಯ ದಾರಿ ಹಿಡಿದೆವು.

ಮಿದುಳಿಗೆ ಮದ್ಯ ಜೋಗುಳದ ಹಾಗೆ. ವರ್ಷಗಟ್ಟಲೆ ಅದು ಬೀಳುತ್ತಿದ್ದರೆ, ಎಚ್ಚರವಿರಲಿ ಎಂದು ಮಿದುಳು ತನ್ನ ಒಳಗಿನ ಚುರುಕನ್ನು ಏರಿಸಿಕೊಳ್ಳುತ್ತದೆ. ಮದ್ಯ ಥಟ್ಟನೆ ನಿಂತಾಗ ಆ ಏರಿದ ಚುರುಕಿಗೆ ತಡೆ ಇರುವುದಿಲ್ಲ. ಕೊನೆಯ ಲೋಟದ ನಂತರ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ, ಕಾಕಾನಿಗೆ ಬಂದಂತೆ ತಡವಾಗಿಯೂ ಬರಬಹುದು. ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು ಎರಡರಿಂದ ನಾಲ್ಕನೆಯ ದಿನದ ನಡುವೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗುವುದುಂಟು. ಸಿಕ್ಕರೆ ಬಹುತೇಕರು ವಾರದೊಳಗೆ ತಿಳಿಯಾಗುತ್ತಾರೆ, ಕಾಕಾನೂ ಆದ. ಅಲ್ಲಿ ಅವನಿಗೆ ಕೊಟ್ಟದ್ದು ಮಿದುಳನ್ನು ಶಾಂತಗೊಳಿಸಿ ದಿನದಿನಕ್ಕೆ ಇಳಿಸುತ್ತ ಬರುವ ಗುಳಿಗೆ ಮತ್ತು ಬಿ1 ವಿಟಮಿನ್, ಅಂದರೆ ಥಯಾಮಿನ್ ಇಂಜೆಕ್ಷನ್. ಥಯಾಮಿನ್ ಬೀಳದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಆದ್ದರಿಂದ "ಒಂದು ಸಲೈನ್ ಹಾಕಿಬಿಡಿ, ಸರಿಹೋಗುತ್ತಾನೆ" ಎಂದು ಹಳ್ಳಿಯಲ್ಲೇ ಮುಗಿಸಬೇಡಿ. ಕುಡಿಯುವವನು ಎಂಬುದನ್ನು ವೈದ್ಯರಿಂದ ಮುಚ್ಚಿಡಲೂಬೇಡಿ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಡ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ 108ಕ್ಕೆ ಕರೆ ಮಾಡಿ.

ಗಡಿಯ ಊರುಗಳ ಸೇಂದಿಯ ಬಗ್ಗೆ ಬೇರೆಯೇ ಎಚ್ಚರ ಬೇಕು. ಯಾದಗಿರಿ, ಸೇಡಂ, ಬೀದರ್ ಕಡೆ ತೆಲಂಗಾಣದ ಗಡಿಯಲ್ಲಿ ಸಿಗುವ ಸೇಂದಿ ಬಹಳ ಸಲ ಈಚಲ ಮರದ್ದಾಗಿರುವುದಿಲ್ಲ, ನೀರಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಇಲ್ಲವೇ ನಿದ್ದೆ ಗುಳಿಗೆಯ ಪುಡಿ ಬೆರೆಸಿದ್ದಾಗಿರುತ್ತದೆ. ಅದನ್ನು ರೂಢಿ ಮಾಡಿಕೊಂಡವರಿಗೆ ಎರಡು ದಿನ ಸಿಗದಿದ್ದರೂ ಇದೇ ನಡುಕ, ಇದೇ ಫಿಟ್ಸ್. ಅವರೂ ಆಸ್ಪತ್ರೆಯಲ್ಲಿಯೇ ಬಿಡಬೇಕು.

ಒಳಗೆ ಏನಾಗುತ್ತದೆ

ಲಿವರಿನ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಮೊದಲು ಕೊಬ್ಬು ಸೇರುತ್ತದೆ, ಆಮೇಲೆ ಉರಿಯೂತ, ಕೊನೆಗೆ ಗಾಯದ ಕಲೆ ಕಟ್ಟಿದಂತೆ ಗಟ್ಟಿಯಾಗುವ ಸಿರೋಸಿಸ್. ಗೊತ್ತಿಲ್ಲದ ಸಂಗತಿ ಎಂದರೆ, ಕೊಬ್ಬಿನ ಹಂತದಲ್ಲಿ ಕೆಲವು ವಾರ ಪೂರ್ತಿ ಬಿಟ್ಟರೆ ಅದು ಬಹುಮಟ್ಟಿಗೆ ಇಳಿಯುತ್ತದೆ. ಲಿವರ್ ಇಷ್ಟು ಉದಾರಿ. ಆದರೆ ಆ ಹಂತದಲ್ಲಿ ಅದು ನೋಯುವುದೂ ಇಲ್ಲ, ಹಾಗಾಗಿ ಯಾರೂ ಬಿಡುವುದಿಲ್ಲ. ನನ್ನದು ಗೊತ್ತಾಗಿದ್ದು ಮೂತ್ರಕೋಶದ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ. ಕಣ್ಣು ಹಳದಿಯಾದರೆ ನಮ್ಮ ಕಡೆ ಕಾಮಣಿ ಎಂದು ಸೊಪ್ಪಿನ ರಸ ಕುಡಿಸಲು ಕರೆದೊಯ್ಯುತ್ತಾರೆ. ಕುಡಿಯುವವನ ಕಾಮಣಿ, ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವುದು, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಇವು ಕಂಡರೆ ಅದೇ ದಿನ ಆಸ್ಪತ್ರೆ, ನಾಳೆ ಎನ್ನಬಾರದು.

ಕ್ಯಾನ್ಸರಿನ ಮಾತು ಕಡಿಮೆ ಜನರಿಗೆ ಗೊತ್ತು. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದ್ದು 1988ರಲ್ಲಿ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಗುಟ್ಕಾ ಜೊತೆ ಸೇರಿದರೆ ಬಾಯಿ ಗಂಟಲಿನ ಅಪಾಯ ಕೂಡುವುದಿಲ್ಲ, ಗುಣಾಕಾರವಾಗುತ್ತದೆ. ಕುಡಿತಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಕಡಿಮೆ ಮಾಡಿದಷ್ಟೂ ಲಾಭ ಎಂದು ನಾನು ಓದಿಕೊಳ್ಳುತ್ತೇನೆ.

ನನ್ನ ಕೌಂಟರಿನಲ್ಲಿ ನಿತ್ಯ ಕಾಣುವುದು ಬೇರೆ: ಔಷಧಿ ಮತ್ತು ಮದ್ಯ ಒಂದೇ ಹೊಟ್ಟೆಯಲ್ಲಿ ಸೇರುವುದು. ತಲೆನೋವಿಗೆ ಪ್ಯಾರಸಿಟಮಾಲ್ ಮೇಲೆ ಪ್ಯಾರಸಿಟಮಾಲ್ ನುಂಗುವವರು ಲಿವರಿಗೆ ಎರಡನೆಯ ಪೆಟ್ಟು ಕೊಡುತ್ತಿರುತ್ತಾರೆ. ಟಿ.ಬಿ. ಗುಳಿಗೆ ನುಂಗುವವರು ಕುಡಿದರೆ ಅದೂ ಹಾಗೆಯೇ. ಎಲ್ಲಕ್ಕಿಂತ ಭಯ ನನಗೆ ಶುಗರ್ ಇರುವವರದ್ದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು, ಖಾಲಿ ಹೊಟ್ಟೆಯಲ್ಲಿ ಕುಡಿದು ಮಲಗಿದರೆ ರಾತ್ರಿ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ತೊದಲುವುದು, ತೂರಾಡುವುದು, ಬೆವರುವುದು ನೋಡಿ ಮನೆಯವರು ನಿಶೆ ಎಂದು ಮಲಗಲು ಬಿಡುತ್ತಾರೆ. ಬಿಡಬೇಡಿ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದ್ದರೆ ಆಸ್ಪತ್ರೆಗೆ ಎತ್ತಿ.

ಬಿ.ಪಿ. ಏರುತ್ತದೆ, ನಿದ್ದೆ ಕೆಡುತ್ತದೆ. ಕುಡಿದರೆ ನಿದ್ದೆ ಬರುತ್ತದೆ ಎನ್ನುವವರು ರಾತ್ರಿ ಮೂರಕ್ಕೆ ಏಕೆ ಎಚ್ಚರವಾಗುತ್ತದೆ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಇನ್ನು ನಮ್ಮ ಬಿಸಿಲು. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿ 42 ಡಿಗ್ರಿ ದಾಟುತ್ತದೆ, ತಣ್ಣನೆಯ ಬಿಯರ್ ಅಮೃತದಂತೆ ಕಾಣುತ್ತದೆ. ಆದರೆ ಮದ್ಯ ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನೇ ತಡೆಯುತ್ತದೆ. ಮೈಯ ನೀರು ಮೂತ್ರವಾಗಿ ಹೆಚ್ಚು ಹೊರಗೆ ಹೋಗುತ್ತದೆ. ಬಿಸಿಲಲ್ಲಿ ದುಡಿದು ಬಂದ ಮೈಗೆ ಇದು ಬಿಸಿಲಾಘಾತದ ಆಹ್ವಾನ. ಮಣ್ಣಿನ ಮಡಕೆಯ ನೀರಿಗೆ ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆಯ ಜೋಡು ಕೊಡಿ, ಬಾಯಾರಿಕೆ ಅಲ್ಲಿಗೆ ಮುಗಿಯುತ್ತದೆ.

ಕಡಿಮೆ ಮಾಡುವ ಹೆಜ್ಜೆಗಳು

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೆ. ದಿನ, ಹೊತ್ತು, ಎಷ್ಟು ಅಳತೆ, ಯಾರ ಜೊತೆ, ಎಷ್ಟು ಖರ್ಚು. ಮೊಬೈಲಿನಲ್ಲಾದರೂ ಸರಿ, ಹಳೆಯ ಡೈರಿಯಲ್ಲಾದರೂ ಸರಿ. ನೂರು ರೂಪಾಯಿಯ ಕ್ವಾರ್ಟರ್ ಎಂದುಕೊಂಡರೂ ವರ್ಷಕ್ಕೆ 36,500 ರೂಪಾಯಿ. ಜೊತೆಗೆ ತಿಂದ ಮಿರ್ಚಿ, ಶೇಂಗಾ, ಧಾಬಾದ ಬಿಲ್ಲು ಬೇರೆ. 'ಯಾರ ಜೊತೆ' ಎಂಬ ಕಲಂ ನೋಡಿ ನನಗೆ ನಾಚಿಕೆಯಾಯಿತು. ಏಳರಲ್ಲಿ ಐದು ದಿನ ಅಲ್ಲಿ 'ಯಾರೂ ಇಲ್ಲ' ಎಂದಿತ್ತು.

ಎರಡನೆಯ ವಾರದಿಂದ ಅರ್ಧ ಅಥವಾ ಒಂದು ಅಳತೆ ಇಳಿಸಿ. 180 ಇದ್ದದ್ದು 150, ಅದು ನಾಲ್ಕೈದು ದಿನ ನಿಂತ ಮೇಲೆ 120, ಹೀಗೆ. ಇಳಿಸಿದಾಗ ನಡುಕ, ಬೆವರು ಶುರುವಾದರೆ ಇನ್ನೂ ಇಳಿಸುವುದನ್ನು ಅಲ್ಲೇ ನಿಲ್ಲಿಸಿ, ವೈದ್ಯರನ್ನು ಕಾಣಿರಿ. ಮೇಲೆ ಹೇಳಿದ ಗುಂಪಿಗೆ ನೀವೂ ಸೇರಿದವರು ಎಂದು ಅರ್ಥ. ಟೆಟ್ರಾ ಪ್ಯಾಕಿನ ಒಂದು ತೊಂದರೆ ಎಂದರೆ ಕತ್ತರಿಸಿದ ಮೇಲೆ ಮುಚ್ಚಲಾಗದು, ಆದ್ದರಿಂದ ಮುಗಿಸುವುದೇ ರೂಢಿ. 90ರ ಪೊಟ್ಟಣ ಒಂದನ್ನೇ ತನ್ನಿ. ಮನೆಯಲ್ಲಿ ದಾಸ್ತಾನು ಬೇಡ. ಎರಡನೆಯದಕ್ಕೆ ಮತ್ತೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಬೇಕಾದರೆ ಅರ್ಧ ಜನ ಹೋಗುವುದಿಲ್ಲ.

90ಕ್ಕೆ ಬಂದ ಮೇಲೆ ವಾರದಲ್ಲಿ ಎರಡು ದಿನ ಪೂರ್ತಿ ಖಾಲಿ ಬಿಡಿ. ನಮ್ಮವರಿಗೆ ಇದು ಹೊಸದಲ್ಲ: ಸೋಮವಾರವನ್ನೋ ಗುರುವಾರವನ್ನೋ ಹೇಗೂ ಬಿಡುವವರು ಎಷ್ಟೋ ಜನ. ಆ ದಿನದ ಜೊತೆಗೆ ಇನ್ನೊಂದು ದಿನವನ್ನು ಸೇರಿಸಿ. ಉಳಿದ ದಿನಗಳಲ್ಲಿ ಬಾಕಿ ತೀರಿಸುವ ಹಾಗಿಲ್ಲ.

ಹೊಟ್ಟೆಯ ವಿಷಯ ಸಣ್ಣದಲ್ಲ. ಮಧ್ಯಾಹ್ನ ಒಂದಕ್ಕೆ ಉಂಡವನಿಗೆ ಸಂಜೆ ಏಳಕ್ಕೆ ಹಸಿವೆ. ಆ ಹಸಿವೆಯನ್ನೇ ಬಹಳ ಜನ ಕುಡಿಯುವ ಚಪಲ ಎಂದು ತಿಳಿದಿರುತ್ತಾರೆ. ಆರೂವರೆಗೆ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೆ ಶೇಂಗಾ ಹಿಂಡಿ, ಮೊಸರು. ಹೊಟ್ಟೆ ತುಂಬಿದ ಮೇಲೆ ಲೋಟ ಕರೆಯುವ ದನಿ ಅರ್ಧಕ್ಕೆ ಇಳಿದಿರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ. ರಾತ್ರಿಯ ಊಟಕ್ಕೆ ಮೊದಲು ಕುಡಿಯುವುದು ನಮ್ಮ ಪದ್ಧತಿ; ಅದನ್ನು ತಿರುವಿ ಹಾಕಿದೆ, ಅಷ್ಟೇ.

ಚಪಲ ಬಂದಾಗ ಗಡಿಯಾರ ನೋಡಿ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ ಏರಿ ತಾನೇ ಇಳಿಯುತ್ತದೆ. ಆ ಅರ್ಧ ಗಂಟೆ ಮನೆಯಲ್ಲಿ ಕೂರಬೇಡಿ, ನಡೆಯಿರಿ. ರಿಂಗ್ ರೋಡಿನ ಧಾಬಾಗಳ ಕಡೆ ಮಾತ್ರ ಬೇಡ. ವೈನ್ ಶಾಪ್ ಮುಂದಿನ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಮನೆಗೆ ಬರುವುದು ಹೇಡಿತನವಲ್ಲ.

ಕೆಲವು ದಿನಗಳು ಮೊದಲೇ ಗೊತ್ತಿರುವ ಗುಂಡಿಗಳು. ತೊಗರಿ ಮಾರಿದ ದಿನ ಅಡತ್ ಅಂಗಡಿಯಿಂದ ಹಣ ಕೈಗೆ ಬಾರದೆ ಖಾತೆಗೆ ಹೋಗಲಿ, ಸಾಧ್ಯವಾದರೆ ಮನೆಯವರು ಜೊತೆಗಿರಲಿ. ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ, ಕಡುಬು ಉಂಡ ಮೇಲೆ ಬಾವಿಯ ಕಡೆ ಸರಿಯುವ ಗುಂಪು ಯಾವುದೆಂದು ಎಲ್ಲರಿಗೂ ಗೊತ್ತು. ಅಂದು ಮಕ್ಕಳನ್ನು ಗಾಡಿಯಲ್ಲಿ ಮನೆಗೆ ಕರೆತರುವ ಕೆಲಸವನ್ನು ನೀವೇ ಕೇಳಿ ಪಡೆಯಿರಿ. ನಮ್ಮ ಕಡೆಯ ಸರ್ಕಾರಿ ನೌಕರರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ. ಉಳಿದ ಅರ್ಧ ದಿನ, ಮುಚ್ಚಿದ ಕಿಟಕಿ, ಕೂಲರ್, ಎದುರಿಗೆ ಬಾಟಲಿ. ಆ ಹೊತ್ತಿಗೆ ಬೇರೆ ಕೆಲಸ ಗೊತ್ತು ಮಾಡಿಕೊಳ್ಳದವರು ಎರಡು ತಿಂಗಳಲ್ಲಿ ಬೇಸಿಗೆಯ ಕುಡುಕರಾಗಿ, ಮಳೆಗಾಲಕ್ಕೂ ಮುಂದುವರಿಯುವುದನ್ನು ನೋಡಿದ್ದೇನೆ.

ಶ್ರಾವಣದ್ದೂ ಒಂದು ಮಾತು. ಒಂದು ತಿಂಗಳು ಬಿಟ್ಟಿರಲು ಆಗುತ್ತದೆ ಎಂದರೆ ಅದು ದೊಡ್ಡ ಬಂಡವಾಳ. ಆದರೆ ಬೆನಕನ ಅಮಾವಾಸ್ಯೆ ದಾಟಿದ ಮರುದಿನ ತಿಂಗಳ ಬಾಕಿಯನ್ನೆಲ್ಲ ಒಂದೇ ರಾತ್ರಿ ವಸೂಲು ಮಾಡುವವರ ಮೈ ಹಳೆಯ ಅಳತೆಯನ್ನು ಆಗಲೇ ಮರೆತಿರುತ್ತದೆ. ಆ ರಾತ್ರಿ ಆಗುವ ಅನಾಹುತಗಳು ಹೆಚ್ಚು. ರಂಜಾನ್ ಮುಗಿಸಿದವರಿಗೂ ಮಾಲೆ ಇಳಿಸಿದವರಿಗೂ ಇದೇ ಮಾತು. ಮುಂದಿನ ಅಳತೆ ಎಷ್ಟು ಎಂದು ವ್ರತ ನಡೆಯುತ್ತಿರುವಾಗಲೇ ಬರೆದಿಡಿ.

ಮನೆಯವರಿಗೆ

"ಅಣ್ಣಾ, ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ಇದೆಯಂತೆ, ಕೊಡಿ" ಎಂದು ಕೇಳಿ ಬರುವ ವೈನಿಯರು, ಅಕ್ಕಂದಿರು ತಿಂಗಳಿಗೆ ನಾಲ್ವರಾದರೂ ಇರುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಪುಡಿ ಮಾತ್ರ ಕೊಡುವುದಿಲ್ಲ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಂ ಇರಬಹುದು. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು, ಹೃದಯ ದುರ್ಬಲವಿದ್ದವರು ಸಾಯಲೂಬಹುದು. ಅದು ಕುಡಿಯುವವನೇ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗಬೇಕಾದ ಗುಳಿಗೆ. ಚಪಲ ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಔಷಧಿಗಳೂ ಇವೆ. ಲಿವರ್, ಕಿಡ್ನಿ ನೋಡಿ ಯಾವುದು ಎಂದು ವೈದ್ಯರು ತೀರ್ಮಾನಿಸುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ಚೀಟಿ ಇಲ್ಲದೆ ಅಲ್‌ಪ್ರಜೋಲಾಮ್ ಕೇಳಲು ಬರಬೇಡಿ. ಬಿಟ್ಟ ಮೊದಲ ಎರಡು ವಾರ ನಿದ್ದೆ ಕೆಡುವುದು ಸಹಜ. ಒಂದು ಚಟ ಬಿಡಿಸಲು ಇನ್ನೊಂದನ್ನು ಹಚ್ಚುವ ಪಾಪ ನನಗೆ ಬೇಡ.

ಕುಡಿದ ರಾತ್ರಿ ಜಗಳಕ್ಕೆ ಇಳಿಯಬೇಡಿ, ಬೆಳಿಗ್ಗೆ ಚಹಾದ ಹೊತ್ತಿಗೆ ಮಾತಾಡಿ. ಹೊಡೆತ, ಬಡಿತ ಇದ್ದರೆ ಮಾತು ಬೇರೆ: ಅದನ್ನು ಸಹಿಸುವುದು ಚಿಕಿತ್ಸೆಯ ಭಾಗವಲ್ಲ, 112ಕ್ಕೆ ಕರೆ ಮಾಡಿ. ಕುಡಿಯುವ ಹೆಂಗಸರೂ ನಮ್ಮಲ್ಲಿದ್ದಾರೆ, ಕಲ್ಲುಗಣಿಯಲ್ಲಿ, ಕೂಲಿಯಲ್ಲಿ, ಕೆಲವು ದೊಡ್ಡ ಮನೆಗಳಲ್ಲೂ. ಅದೇ ಪ್ರಮಾಣಕ್ಕೆ ಅವರ ಲಿವರ್ ಬೇಗ ಹಾಳಾಗುತ್ತದೆ, ಆಸ್ಪತ್ರೆಗೆ ಮಾತ್ರ ಅವರೇ ಎಲ್ಲರಿಗಿಂತ ತಡವಾಗಿ ಬರುತ್ತಾರೆ, ಏಕೆಂದು ಹೇಳಬೇಕಿಲ್ಲ.

ಎಲ್ಲಿಗೆ ಹೋಗುವುದು

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಮನೋವೈದ್ಯ ವಿಭಾಗವನ್ನು ಕೇಳಿ. ಆ ಹೆಸರಿಗೆ ಅಂಜಬೇಡಿ, ಕುಡಿತದ ಚಿಕಿತ್ಸೆ ಅವರ ದಿನನಿತ್ಯದ ಕೆಲಸ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುವ ವ್ಯವಸ್ಥೆ ಇದೆ. ಹೋಗುವ ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಫೋನಿನಲ್ಲೇ ಮಾತಾಡುವುದಾದರೆ 14416, ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಹೋಗುವಾಗ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಅಳತೆ, ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಏನಾಯಿತು, ಈಗ ಯಾವ ಗುಳಿಗೆ ನುಂಗುತ್ತಿದ್ದೀರಿ. ಕೊನೆಯದು ನೆನಪಿಲ್ಲದಿದ್ದರೆ ಗುಳಿಗೆಯ ಪಟ್ಟಿಗಳನ್ನೇ ಒಂದು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ. ಮೊದಲನೆಯದಕ್ಕೆ ಮಾತ್ರ 'ಒಂದೇ ಕ್ವಾರ್ಟರ್' ಎಂದು ಬರೆಯಬೇಡಿ, ಆರು ಎಂದು ಬರೆಯಿರಿ.